ಅಪ್‌ಡೇಟ್: ಉಮ್ರಾ ಬ್ಯಾಗ್ ರೆಡಿ, ಗಸಗಸೆ ಹೊರಗೆ

ಅಮ್ಮಿ, ಅಬ್ಬಾರನ್ನು ಗ್ರೂಪಿನ ಜೊತೆ ಉಮ್ರಾಗೆ (ಮೆಕ್ಕಾ ಯಾತ್ರೆಗೆ) ಕರೆದುಕೊಂಡು ಹೋಗುತ್ತಿದ್ದೇನೆ, ಬ್ಯಾಗಿಗೆ ಏನೇನು ಹಾಕಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಶುಕ್ರಿಯಾ. ಪ್ಯಾಕಿಂಗ್ ಹೆಚ್ಚುಕಮ್ಮಿ ಮುಗಿದಿದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಗಸಗಸೆ ವಿಷಯ. ಸೌದಿಯಲ್ಲಿ ಅದಕ್ಕೆ ನಿಷೇಧವಿದೆ, ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ ಅಂತ ಒಬ್ಬರು ಹೇಳಿದ್ದರು. ಅಮ್ಮಿ ಮನೆಯಲ್ಲೇ ಹುರಿದು ಕುಟ್ಟಿದ ಮಸಾಲೆ ಪುಡಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಟೇಪ್ ಕೂಡ ಸುತ್ತಿಟ್ಟಿದ್ದರು. ಅದರಲ್ಲಿ ಗಸಗಸೆ ಇತ್ತು. ಡಬ್ಬಿ ವಾಪಸ್ ಅಡುಗೆಮನೆ ಸೇರಿತು. ದಯವಿಟ್ಟು ನಿಮ್ಮ ಮನೆಯ ಹಿರಿಯರು ಕಟ್ಟಿಟ್ಟ ಪೊಟ್ಟಣಗಳನ್ನೂ ಬಿಚ್ಚಿ ನೋಡಿ. ಉಂಡೆ, ಸಿಹಿತಿಂಡಿಗಳಲ್ಲೂ ಗಸಗಸೆ ಇರುತ್ತದೆ ಅಲ್ವಾ?

ಅಬ್ಬಾರ ಇಹ್ರಾಮಿನ, ಅಂದರೆ ಯಾತ್ರೆಯಲ್ಲಿ ಉಡುವ, ಎರಡು ಬಿಳಿ ಬಟ್ಟೆ ಕೈಚೀಲದಲ್ಲಿವೆ. ಇಹ್ರಾಮ್ ತೊಟ್ಟುಕೊಂಡೇ ದಾಟಬೇಕಾದ ಗಡಿ, ಮೀಕಾತ್, ವಿಮಾನದಲ್ಲಿರುವಾಗಲೇ ದಾಟಿಹೋಗುತ್ತದೆ. ದೊಡ್ಡ ಸೂಟ್‌ಕೇಸಿಗೆ ಹಾಕಿದರೆ ಅದು ಕೈಗೆ ಸಿಗುವುದು ಜಿದ್ದಾದಲ್ಲೇ. ವಾಸನೆಯಿಲ್ಲದ ಸೋಪು, ಶುಗರ್ ಮಾತ್ರೆ, ಡಾಕ್ಟರ ಚೀಟಿ, ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ. ಮೆನಿಂಜೈಟಿಸ್ ಲಸಿಕೆ ಹಾಕಿಸಿ ಆಯಿತು. ಅಲ್ಲಿಗೆ ತಲುಪುವ ಕನಿಷ್ಠ 10 ದಿನ ಮೊದಲು ಅದು ಆಗಿರಬೇಕು.

ಈಗ ನನಗಿರುವ ಚಿಂತೆ ಅಮ್ಮಿಯ ಮಂಡಿನೋವು. ಉಮ್ರಾದಲ್ಲಿ ಮೆಕ್ಕಾದ ಸಫಾ-ಮರ್ವಾ ಗುಡ್ಡಗಳ ನಡುವಿನ 7 ನಡಿಗೆಯೇ 3 ಕಿಲೋಮೀಟರಿಗೂ ಜಾಸ್ತಿ. ದಿನಾ ಸಂಜೆ ಬೀದಿಯ ತುದಿವರೆಗೆ ನಡೆದು ಅಭ್ಯಾಸ ಮಾಡುತ್ತಿದ್ದಾರೆ. ಅಲ್ಲಿ ವೀಲ್‌ಚೇರ್ ಸಿಗುತ್ತದೆ ಎಂದಿದ್ದೀರಿ. ಬೇಕೆನಿಸಿದರೆ ಸಂಕೋಚಪಡಬೇಡಿ ಅಂತ ಅಮ್ಮಿಗೆ ಈಗಲೇ ಹೇಳಿಟ್ಟಿದ್ದೇನೆ.