ಆದಿವಾಸಿ ಹಾಡಿಗಳ ಮಕ್ಕಳಿಗೆ ಹಲ್ಲಿನ ಕ್ಯಾಂಪ್, ಒಂದೇ ದಿನ ಸಿಕ್ರೆ ಏನು ಮಾಡೋದು?

ಇಂಟರ್ನ್_ವಿರಾಜಪೇಟೆ:
ಎಲ್ಲರಿಗೂ ನಮಸ್ಕಾರ. ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸ್) ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದೀನಿ. ನಾವು ಆರು ಜನ ಫ್ರೆಂಡ್ಸು, ಜೊತೆಗೆ ಒಬ್ರು ಸೀನಿಯರ್ ಮೇಡಂ, ಕೊಡಗಿನ ತಿತಿಮತಿ ಕಡೆ ಒಂದು ಆಶ್ರಮ ಶಾಲೇಲಿ (ಮಕ್ಕಳು ಅಲ್ಲೇ ಉಳ್ಕೊಂಡು ಓದೋ ಶಾಲೆ) ಕ್ಯಾಂಪ್ ಮಾಡ್ಬೇಕು ಅಂತಿದ್ದೀವಿ. ಸುಮಾರು 60 ಮಕ್ಕಳು, ಹೆಚ್ಚಿನವ್ರು ಜೇನುಕುರುಬ, ಯರವ ಹಾಡಿಗಳಿಂದ ಬಂದವ್ರು. ಹೋದ ವಾರ ಮಾತಾಡೋಕೆ ಹೋದಾಗ ಎರಡನೇ ಕ್ಲಾಸಿನ ಹುಡುಗ ಒಬ್ಬ ಬಾಯಿ ತೆಗೆದು ತೋರಿಸಿದ, ಎಡಗಡೆ ದವಡೆ ಹಲ್ಲಲ್ಲಿ ಬರೀ ಬೇರು ಉಳ್ದಿದೆ, ಅನ್ನ ಪೂರ್ತಿ ಬಲಗಡೆಗೆ ಹಾಕ್ಕೊಂಡು ಅಗೀತಾನೆ. ನೋವಾಗಲ್ವಾ ಅಂದ್ರೆ "ರಾತ್ರಿ ಆಗುತ್ತೆ" ಅಂದ. ಅದು ತಲೆಯಿಂದ ಹೋಗ್ತಾನೇ ಇಲ್ಲ. ಸಿಗೋದು ಒಂದೇ ದಿನ, ನೋವಿರೋ ಹಲ್ಲನ್ನೆಲ್ಲ ಅಲ್ಲೇ ಕಿತ್ತುಬಿಡೋದಾ? ಕ್ಯಾಂಪ್ ಮಾಡಿದ ಅನುಭವ ಇರೋರು ಹೇಳಿ ಪ್ಲೀಸ್.

ಟೀಚರ್_ಪೊನ್ನಂಪೇಟೆ:
ನಾನು ಇಂಥದ್ದೇ ಶಾಲೇಲಿ ಪಾಠ ಮಾಡ್ತೀನಿ. ಕೆಲವು ವರ್ಷದ ಹಿಂದೆ ಒಂದು ತಂಡ ಬಂದು ಸುಮಾರು ಮಕ್ಕಳಿಗೆ ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತು ಮೂರು ಗಂಟೆಗೆ ವ್ಯಾನ್ ಹತ್ತಿ ಹೋದ್ರು. ತುಟಿ ಜೋಮು ಹಿಡಿದಿರುತ್ತಲ್ಲ, ಒಂದು ಹುಡುಗಿ ಗೊತ್ತಾಗ್ದೆ ಕಚ್ಚಿ ಕಚ್ಚಿ ಸಂಜೆ ಹೊತ್ತಿಗೆ ತುಟಿ ಊದಿ ರಕ್ತ. ಎರಡು ಮೂರು ಗಂಟೆ ತುಟಿ ಕಚ್ಚದ ಹಾಗೆ ನೋಡ್ಕೊಳ್ಳಿ ಅಂತ ನಮಗೆ ಒಬ್ರೂ ಹೇಳಿರ್ಲಿಲ್ಲ. ಮಾರನೇ ದಿನ ಅವಳ ಅಜ್ಜಿ ಬಂದು ಕರ್ಕೊಂಡು ಹೋದ್ರು, ಆ ಹಾಡಿಯವ್ರು ಆಮೇಲೆ ಎಷ್ಟೋ ದಿನ ಯಾವ ಕ್ಯಾಂಪಿಗೂ ಮಕ್ಕಳನ್ನ ಬಿಡ್ಲಿಲ್ಲ. ಅದಕ್ಕೇ ಹೇಳೋದು, ಮೊದ್ಲು ಹಾಡಿಗೆ ಹೋಗಿ ಅಪ್ಪ ಅಮ್ಮಂದಿರ ಹತ್ರ ಮಾತಾಡಿ. ಕಾಫಿ ಕುಯ್ಯೋ ಟೈಮಲ್ಲಿ ಬೇಡ, ಆಗ ಹಗಲು ಹೊತ್ತು ಯಾರೂ ಮನೇಲಿರಲ್ಲ.

ಹಲ್ಲಿನ_ಡಾಕ್ಟ್ರು:
ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಕೀಳೋದು ಒಂದು ದಿನದ ಕೆಲಸ ಅಲ್ಲ, ಬಾವು, ಜ್ವರ ಇರೋ ಮಕ್ಕಳನ್ನ ನಿಮ್ಮ ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋಗಿ, ಗಾಡಿ ನೀವೇ ಮಾಡಿ, ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ಬನ್ನಿ ಅಂದ್ರೆ ಯಾರೂ ಬರಲ್ಲ.

ನೀವು ಮುಖ್ಯವಾಗಿ ನೋಡ್ಬೇಕಾಗಿರೋದು ಆರು ವರ್ಷಕ್ಕೆ ಬರೋ ದವಡೆ ಹಲ್ಲು. ಅದು ಯಾವ ಹಾಲುಹಲ್ಲೂ ಬೀಳದೇನೇ ಹಿಂದುಗಡೆ ಸುಮ್ನೆ ಹುಟ್ಕೊಳ್ಳುತ್ತೆ, ಮನೆಯವ್ರು ಹಾಲುಹಲ್ಲು ಅಂದ್ಕೊಂಡು ಬಿದ್ದು ಬೇರೆ ಬರುತ್ತೆ ಬಿಡು ಅಂತಾರೆ, ಬರಲ್ಲ. ಹುಳುಕು ಶುರುವಾಗಿದ್ರೆ ಎಆರ್‌ಟಿ ಮಾಡಿ, ಅಂದ್ರೆ ಕೈ ಉಪಕರಣದಲ್ಲೇ ಮೆತ್ತಗಿರೋ ಭಾಗ ಕೆರೆದು ಗ್ಲಾಸ್ ಅಯೊನೊಮರ್ ಅನ್ನೋ ಸಿಮೆಂಟ್ ತುಂಬೋದು, ಡ್ರಿಲ್ ಬೇಡ, ಕರೆಂಟ್ ಬೇಡ, ಹೆಚ್ಚಿನ ಮಕ್ಕಳಿಗೆ ಇಂಜೆಕ್ಷನ್ನೂ ಬೇಡ. 1980ರ ದಶಕದಲ್ಲಿ ತಾಂಜಾನಿಯಾದ ಹಳ್ಳಿಗಳಲ್ಲಿ ಶುರು ಮಾಡಿದ್ದು ಇಂಥ ಜಾಗಕ್ಕೇ. ಎರಡು ಬೆಂಚ್ ಜೋಡಿಸಿ ಮಗುನ ಮಲಗಿಸಿ, ನೀವು ತಲೆ ಹತ್ರ ಕೂತ್ಕೊಳ್ಳಿ, ಹೆಡ್‌ಲೈಟ್ ಇರ್ಲಿ. ಎಲ್ಲರಿಗೂ ಹುಳುಕು ತಡೆಯೋ ಫ್ಲೋರೈಡ್ ವಾರ್ನಿಶ್ ಹಚ್ಚಿ, ಆದ್ರೆ ಅದನ್ನ ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು, ಒಂದೇ ಸಲ ಹಚ್ಚಿ ಬಿಟ್ರೆ ಉಪಯೋಗ ಕಡಿಮೆ. ಎಸ್‌ಡಿಎಫ್ (ಹುಳುಕು ನಿಲ್ಲಿಸೋ, ಬೆಳ್ಳಿ ಅಂಶ ಇರೋ ಔಷಧ) ಹಚ್ಚೋದಾದ್ರೆ ಹುಳುಕು ಕಪ್ಪಾಗಿ ಹಾಗೇ ಉಳ್ಯುತ್ತೆ ಅಂತ ಮನೆಯವ್ರಿಗೆ ಮೊದ್ಲೇ ಹೇಳಿ. ಇನ್ನೊಂದು, 60 ಮಕ್ಕಳಿದ್ರೆ ಬಾಯಿ ನೋಡೋ ಮಿರರ್ 60, ಎಲ್ಲಾ ಆಟೋಕ್ಲೇವ್ ಆಗಿ (ಒತ್ತಡದ ಹಬೆಯಲ್ಲಿ ಕ್ರಿಮಿ ಸಾಯಿಸಿ) ಪ್ಯಾಕೆಟ್‌ನಲ್ಲಿ ಬರ್ಬೇಕು, ಅಲ್ಲಿ ಬಿಸಿನೀರಲ್ಲಿ ಕುದಿಸಿ ಬಳಸೋದು ಬೇಡವೇ ಬೇಡ.

ಲೈನ್ಮನೆ_ಅಕ್ಕ:
ನಾವು ಸಿದ್ದಾಪುರ ಹತ್ರ ಎಸ್ಟೇಟ್ ಕೆಲಸದವ್ರ ಲೈನ್‌ಮನೇಲಿರೋದು. ಬ್ರಶ್ ಕೊಡೋರು ಬ್ರಶ್ ಕೊಟ್ಟು ಹೋಗ್ತಾರೆ, ಪೇಸ್ಟ್ ಖಾಲಿ ಆದ್ಮೇಲೆ ಏನು ಅಂತ ಯಾರೂ ಕೇಳಲ್ಲ. ನನ್ನ ಮಗಳು ಬೆಲ್ಲದ ಕರಿ ಕಾಫಿ ಕುಡ್ದೇ ಮಲಗ್ತಿದ್ಲು, ಅದ್ರಿಂದ ಹಲ್ಲು ಹಾಳಾಗುತ್ತೆ ಅಂತ ಗೊತ್ತೇ ಇರ್ಲಿಲ್ಲ, ಸಕ್ರೆ ಅಲ್ವಲ್ಲ ಬೆಲ್ಲ ತಾನೆ ಅಂತ. ಒಬ್ಬ ಸ್ಟೂಡೆಂಟ್ ಹುಡುಗಿ ನಮ್ಮ ಜೊತೆ ಕೂತು ಅದೇ ಕಾಫಿ ಕುಡೀತಾ ಹೇಳಿದ್ಲು, ರಾತ್ರಿ ಕಾಫಿ ಆದ್ಮೇಲೆ ಬ್ರಶ್ ಮಾಡ್ಸಿ, ಆಮೇಲೆ ನೀರು ಬಿಟ್ಟು ಏನೂ ಕೊಡ್ಬೇಡಿ ಅಂತ. ಅವಳು ಹೇಳಿದ್ದು ಇವತ್ತಿಗೂ ಮಾಡ್ತೀವಿ.

ಇಂಟರ್ನ್_ವಿರಾಜಪೇಟೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಹತ್ರ ಮಾತಾಡ್ದೆ, ಕೀಳೋದು ಬಿಟ್ವಿ, ಆ ಹುಡುಗನ್ನ ಮೊದ್ಲು ಕಾಲೇಜಿಗೆ ಕರ್ಕೊಂಡು ಬರ್ತೀವಿ, ಶಾಲೆಯವ್ರೂ ಒಪ್ಪಿದ್ದಾರೆ. ಆದ್ರೆ ಆರು ತಿಂಗಳಾಗೋ ಹೊತ್ತಿಗೆ ನಮ್ಮ ಇಂಟರ್ನ್‌ಶಿಪ್ ಮುಗಿದಿರುತ್ತೆ ಟೀಚರ್, ಮತ್ತೆ ವಾರ್ನಿಶ್ ಹಚ್ಚೋಕೆ ಜೂನಿಯರ್ಸ್ ಬರ್ಬೇಕು. ಯಾವ ಮಗುಗೆ ಯಾವ ಹಲ್ಲು ಅಂತ ಬರೆದ ರಿಜಿಸ್ಟರ್ ಶಾಲೇಲೇ ಬಿಟ್ಟು ಹೋದ್ರೆ ಆಗುತ್ತಾ?

ಟೀಚರ್_ಪೊನ್ನಂಪೇಟೆ:
ಆಗುತ್ತೆ. ಹಾಜರಿ ಪುಸ್ತಕದ ಜೊತೆ ಬೀರುನಲ್ಲಿಡೋಕೆ ಹೇಳಿ. ಕನ್ನಡದಲ್ಲೇ ಬರೀರಿ, ಮಗು ಹೆಸರಿನ ಜೊತೆ ಹಾಡಿ ಹೆಸರೂ ಇರ್ಲಿ, ಒಂದೇ ಹೆಸರಿನ ಮಕ್ಕಳು ಮೂರು ನಾಲ್ಕು ಜನ ಇರ್ತಾರೆ.