ಟಾಂಜಾನಿಯಾದ ಕಟಾವಿ ಉದ್ಯಾನಕ್ಕೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ದೂರದಾರಿ:
ಸೆರೆಂಗೆಟಿ ಒಮ್ಮೆ ನೋಡಿ ಆಯಿತು. ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು. ಸಿಂಹಕ್ಕಿಂತ ಡೀಸೆಲ್ ವಾಸನೆಯೇ ಜಾಸ್ತಿ ನೆನಪಿದೆ. ಈ ಸಲ ಟಾಂಜಾನಿಯಾದ ಪಶ್ಚಿಮಕ್ಕಿರುವ ಕಟಾವಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಅಂತಿದ್ದೇನೆ. ಅಷ್ಟು ದೂರ ಹೋಗುವಂಥದ್ದು ಅಲ್ಲಿ ಏನಿದೆ? ರಜೆ ಸಿಗುವುದು ಫೆಬ್ರವರಿಯಲ್ಲಿ. ಆಗ ಹೋಗಬಹುದಾ?

ಕೆಸರು ಬೂಟು:
ಫೆಬ್ರವರಿ ಬೇಡವೇ ಬೇಡ. ಅದು ಮಳೆಗಾಲ. ಬಯಲೆಲ್ಲ ನೀರು ನಿಂತು, ಕಪ್ಪು ಮಣ್ಣಿನಲ್ಲಿ ಗಾಡಿ ಹೂತರೆ ಎಳೆಯಲು ಇನ್ನೊಂದು ಗಾಡಿ ಬರಬೇಕು. ಅಲ್ಲಿ ಇನ್ನೊಂದು ಗಾಡಿ ಇರುವುದಿಲ್ಲ, ಅದೇ ತೊಂದರೆ!

ನಾನು ಹೋಗಿದ್ದು ಅಕ್ಟೋಬರಿನಲ್ಲಿ. ಬೇಸಿಗೆಯ ಕೊನೆ. ಕಟುಮಾ ಹೊಳೆ ಒಣಗಿ ಅಲ್ಲಲ್ಲಿ ಕೆಸರಿನ ಗುಂಡಿಗಳು ಮಾತ್ರ ಉಳಿದಿದ್ದವು. ಆ ಗುಂಡಿಗಳಲ್ಲಿ ಹಿಪ್ಪೋಗಳು. ಹತ್ತಿಪ್ಪತ್ತಲ್ಲ, ನೂರರ ಲೆಕ್ಕ. ಮೊದಲು ಬಂಡೆಗಳು ಅಂದುಕೊಂಡೆ. ಒಂದು ಬಂಡೆ ಕಿವಿ ಅಲ್ಲಾಡಿಸಿತು. ಒಂದರ ಬೆನ್ನ ಮೇಲೆ ಇನ್ನೊಂದರ ಗದ್ದ, ನಡುವೆ ಬೆರಳು ತೂರಿಸಲೂ ಜಾಗವಿಲ್ಲ. ಹಿಂದಿನದು ಬಾಲವನ್ನು ಫ್ಯಾನಿನಂತೆ ತಿರುಗಿಸಿ ಸಗಣಿ ಎರಚಿದರೆ ಮುಂದಿನದು ಕಣ್ಣು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಆ ವಾಸನೆ ನನ್ನ ಟೋಪಿಯಿಂದ ಎರಡು ಸಲ ಒಗೆದರೂ ಹೋಗಲಿಲ್ಲ.

ದಡದ ಮಣ್ಣಿನಲ್ಲಿ ಗುಹೆಗಳಿವೆ. ಒಳಗೆ ಮೊಸಳೆಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ನನಗೆ ಕಂಡಿದ್ದು ಒಂದು ಗುಹೆಯಿಂದ ಹೊರಗೆ ಚಾಚಿದ್ದ ಮೂರು ಮೂತಿ.

ನೀರು ಇಷ್ಟು ಕಡಿಮೆಯಾಗಲು ಬರೀ ಬೇಸಿಗೆ ಕಾರಣವಲ್ಲ. ಉದ್ಯಾನದ ಆಚೆ, ಹೊಳೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳಿಗೆ ನೀರು ತಿರುಗಿಸುತ್ತಾರೆ. ನಾವು ಬೆರಗಾಗಿ ಫೋಟೋ ತೆಗೆಯುವ ದೃಶ್ಯ ಆ ಪ್ರಾಣಿಗಳ ಸಂಕಟ. ಇದು ಗೊತ್ತಾದ ಮೇಲೆ ಕ್ಯಾಮೆರಾ ಸ್ವಲ್ಪ ಹೊತ್ತು ಕೆಳಗಿಟ್ಟೆ. ಆಮೇಲೆ ಮತ್ತೆ ಎತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ.

4,471 ಚದರ ಕಿಲೋಮೀಟರ್ ಕಾಡು. ಎರಡು ದಿನದಲ್ಲಿ ನಮಗೆ ಎದುರಾದದ್ದು ಒಂದೇ ಒಂದು ಗಾಡಿ. ಇಬ್ಬರೂ ಡ್ರೈವರುಗಳು ಗಾಡಿ ನಿಲ್ಲಿಸಿ ಅರ್ಧ ಗಂಟೆ ಹರಟೆ ಹೊಡೆದರು.

ಹುಲ್ಲುಗಾವಲು:
ಕೆಸರು ಬೂಟು ಅವರೇ, ನಿದ್ರಾರೋಗ ಹರಡುವ ತ್ಸೆತ್ಸೆ ನೊಣದ ವಿಷಯ ಬಿಟ್ಟಿರಲ್ಲ! ನನಗೆ ಹಿಪ್ಪೋಗಿಂತ ಅದೇ ಜಾಸ್ತಿ ನೆನಪು. ಬಯಲಿನಲ್ಲಿ ಪರವಾಗಿಲ್ಲ, ಮರಗಳ ನಡುವಿನ ದಾರಿಯಲ್ಲಿ ಗಾಡಿಯನ್ನೇ ಅಟ್ಟಿಸಿಕೊಂಡು ಬರುತ್ತವೆ. ನೀಲಿ, ಕಪ್ಪು ಬಟ್ಟೆ ಹಾಕಬೇಡಿ. ಆ ಬಣ್ಣಕ್ಕೆ ಅವು ಮುಗಿಬೀಳುತ್ತವೆ, ಹಿಡಿಯುವ ಬಲೆಗಳೂ ಅದೇ ಬಣ್ಣದವು. ನಾನು ಜೀನ್ಸ್ ಹಾಕಿದ್ದೆ. ಬಟ್ಟೆಯ ಮೇಲಿಂದಲೇ ಕಚ್ಚಿದವು. ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ದೂರದಾರಿ:
ಜೀನ್ಸ್ ಬಿಟ್ಟೆ. ಫೆಬ್ರವರಿಯನ್ನೂ ಬಿಟ್ಟೆ. ತಲುಪುವುದು ಹೇಗೆ? ಚಿಕ್ಕ ವಿಮಾನದ ಬೆಲೆ ಕೇಳಿ ತಲೆ ತಿರುಗಿತು.

ಕೆಸರು ಬೂಟು:
ನಾನು ಹೋಗಿದ್ದು ರಸ್ತೆಯಲ್ಲಿ. ದಕ್ಷಿಣದ ಎಂಬೆಯಾ ಪಟ್ಟಣದಿಂದ ಸುಂಬವಾಂಗಾ ಮೇಲೆ ಸಿಟಾಲಿಕೆ ಹಳ್ಳಿಗೆ. ಉದ್ಯಾನದ ಕಚೇರಿ ಅಲ್ಲೇ ಇದೆ. ಬಾಡಿಗೆ ಗಾಡಿಯ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ. ಅದು ತಿಳಿದದ್ದು ಟೈರು ಪಂಕ್ಚರ್ ಆದ ಮೇಲೆ, ಹಾಗಾಗಿ ಒಂದು ದಿನ ಹಾಳು. ನೀವು ಹೊರಡುವ ಮೊದಲೇ ಒತ್ತಿ ನೋಡಿ. ಟಬೋರಾದಿಂದ ಉದ್ಯಾನದ ಹತ್ತಿರದ ಪಟ್ಟಣ ಎಂಪಾಂಡಾಗೆ ರೈಲು ಮಾರ್ಗವೂ ಇದೆ, ಟೈಮಿದ್ದರೆ.

ರಾತ್ರಿ ಸಿಟಾಲಿಕೆಯಲ್ಲಿ ಉಳಿದರೆ ಕತ್ತಲಾದ ಮೇಲೆ ಗುಡಿಸಲಿನಿಂದ ಹೊರಗೆ ಕಾಲಿಡಬೇಡಿ. ಹಿಪ್ಪೋ ಹೊಳೆ ಬಿಟ್ಟು ಮೇಯಲು ಬರುವುದು ಆಗಲೇ. ನನ್ನ ಕಿಟಕಿಯ ಕೆಳಗೆ ಒಂದು ಹಿಪ್ಪೋ ಅರ್ಧ ರಾತ್ರಿ ಹುಲ್ಲು ಹರಿಯುತ್ತಿತ್ತು. ಪರ್ರ್, ಪರ್ರ್ ಅಂತ ಬಟ್ಟೆ ಹರಿದ ಹಾಗೆ. ಬಾತ್‌ರೂಮು ಹೊರಗಡೆ ಇತ್ತು. ಬೆಳಗಿನವರೆಗೂ ತಡೆದುಕೊಂಡೆ.