12 ಸಾವಿರ ವರ್ಷದ ನಿದ್ದೆ, ದೊಡ್ಡಪ್ಪನ ಅಡಿಕೆ

(ನಮ್ಮ ಮನೆಯವರ ವಾಟ್ಸಾಪ್ ಗುಂಪು. 2025 ನವೆಂಬರ್ 25, ಮಂಗಳವಾರ ಬೆಳಿಗ್ಗೆ. ನನ್ನ ಫೋನಿನಲ್ಲಿ ಇದ್ದ ಹಾಗೇ ಹಾಕಿದ್ದೇನೆ.)

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ!! 12 ಸಾವಿರ ವರ್ಷ ಮಲಗಿದ್ದ ಜ್ವಾಲಾಮುಖಿ ಎದ್ದಿದೆ. ವಿಷದ ಬೂದಿ ಭಾರತದ ಆಕಾಶದಲ್ಲಿ. ಇವತ್ತು ಯಾರೂ ಹೊರಗೆ ಏನನ್ನೂ ಒಣಗಿಸಬೇಡಿ. 10 ಜನರಿಗೆ ಕಳಿಸಿ 🙏

ದೊಡ್ಡಮ್ಮ: ಇದನ್ನು ಓದಿಕೊಂಡು ಇವರು ಆಳುಗಳನ್ನು ಸುಮ್ನೆ ಕೂರಿಸಿದ್ದಾರೆ. ಬೇಯಿಸಿದ ಅಡಿಕೆ ಜಗಲಿಯಲ್ಲೇ ರಾಶಿ ಬಿದ್ದಿದೆ. ಬೂದಿ ಬೀಳುತ್ತೋ ಇಲ್ಲವೋ, ಬೂಷ್ಟು ಹಿಡಿಯೋದು ಗ್ಯಾರಂಟಿ.

ನಾನು: ಸಿಡಿದಿದ್ದು ನಿಜ ದೊಡ್ಡಪ್ಪ. ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ, ಭಾನುವಾರ. ಹೈಲಿ ಗುಬ್ಬಿ ಅಂತ ಹೆಸರು.

ಚಿಕ್ಕಪ್ಪ: ಗುಬ್ಬಿನಾ? ತುಮಕೂರಿನ ಪಕ್ಕದಲ್ಲೇ ಇದೆಯಲ್ಲ 😄

ನಾನು: ಬೂದಿ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಹೋಗಿದೆ. ಅಲ್ಲಿನ ಗಾಳಿಗೆ ಸಿಕ್ಕಿ ಕೆಂಪು ಸಮುದ್ರ, ಯೆಮೆನ್, ಒಮಾನ್ ದಾಟಿ ನಿನ್ನೆ ರಾತ್ರಿ ದೆಹಲಿ ಕಡೆ ಬಂತು. ನಮ್ಮ ಊರಿನ ದಾರಿಯೇ ಅಲ್ಲ. ಅಡಿಕೆ ಹರಡಿಸಿ.

ದೊಡ್ಡಪ್ಪ: ಕಣ್ಣೂರಿನಿಂದ ಅಬುಧಾಬಿಗೆ ಹೊರಟ ವಿಮಾನವನ್ನೇ ಅಹಮದಾಬಾದಿಗೆ ತಿರುಗಿಸಿದ್ದಾರೆ. ಏನೂ ಇಲ್ಲದೆ ತಿರುಗಿಸ್ತಾರಾ?

ನಾನು: ಅಪಾಯ ವಿಮಾನಕ್ಕೆ, ಅಡಿಕೆಗಲ್ಲ. ಅದು ಒಲೆಯ ಬೂದಿಯಂಥದ್ದಲ್ಲ. ಪುಡಿಪುಡಿಯಾದ ಕಲ್ಲು, ಗಾಜು. ಎಂಜಿನ್ ಒಳಗಿನ ಬಿಸಿಗೆ ಕರಗಿ ಅಲ್ಲೇ ಅಂಟಿಕೊಳ್ಳುತ್ತೆ. 1982ರಲ್ಲಿ ಇಂಡೋನೇಷ್ಯಾದ ಜಾವಾದಲ್ಲಿ ಗಲುಂಗ್ಗುಂಗ್ ಜ್ವಾಲಾಮುಖಿ ಸಿಡಿದಾಗ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಆ ಬೂದಿಯೊಳಗೆ ಹೊಕ್ಕಿತ್ತು. ನಾಲ್ಕೂ ಎಂಜಿನ್ ಬಂದ್! ರಾತ್ರಿ ಬೇರೆ. 37 ಸಾವಿರ ಅಡಿಯಿಂದ ತೇಲಿಕೊಂಡು ಕೆಳಗೆ ಕೆಳಗೆ ಬಂದು, ಬೂದಿ ದಾಟಿದ ಮೇಲೆ ಎಂಜಿನ್ ಮತ್ತೆ ಸ್ಟಾರ್ಟ್ ಆದವು. ಮುಂದಿನ ಗಾಜು ಸ್ಯಾಂಡ್ ಪೇಪರ್ ಉಜ್ಜಿದ ಹಾಗಾಗಿ ಪೈಲಟ್‌ಗೆ ರನ್‌ವೇ ಸರಿಯಾಗಿ ಕಾಣಲಿಲ್ಲ. ಆದರೂ ಜಕಾರ್ತದಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಚಿಕ್ಕಮ್ಮ: ಬೆಳಿಗ್ಗೆ ಬೆಳಿಗ್ಗೆ ಎದೆ ಝಲ್ ಅನ್ನಿಸಿದೆಯಲ್ಲೇ.

ಅಣ್ಣ: 12 ಸಾವಿರ ವರ್ಷ ಮಲಗಿತ್ತು ಅನ್ನೋದಾದರೂ ನಿಜ ಅಲ್ವಾ? ಟಿವಿಯಲ್ಲೂ ಅದೇ ಹೇಳಿದರು.

ನಾನು: ನನಗೆ ಸಿಟ್ಟು ಬರೋದೇ ಆ ಮಾತಿಗೆ. ಅಷ್ಟು ವರ್ಷದಲ್ಲಿ ಸಿಡಿದ ದಾಖಲೆ ಸಿಕ್ಕಿಲ್ಲ, ಅಷ್ಟೇ. ಆ ಸುಡುಗಾಡು ಬಿಸಿಲಲ್ಲಿ ಯಾರು ಕೂತು ಬರೆದಿಟ್ಟಿದ್ದರು?

ದೊಡ್ಡಪ್ಪ: ದಾಖಲೆ ಇಲ್ಲ ಅಂದರೆ ಆಗಿಲ್ಲ ಅಂತ ತಾನೇ?

ನಾನು: ಮೇಲಿನ ತೋಟದ ಹಳೇ ಬಾವಿ ಪಹಣಿಯಲ್ಲಿ ಇಲ್ಲ. ಬಾವಿ ಇಲ್ವಾ ದೊಡ್ಡಪ್ಪ?

ಚಿಕ್ಕಪ್ಪ: 😂😂😂

ದೊಡ್ಡಪ್ಪ: ಅದು ಬರೆದವರ ತಪ್ಪು. ಬಾವಿ ನಮ್ಮಜ್ಜ ತೋಡಿಸಿದ್ದು.

ನಾನು: ಇದೂ ಹಾಗೇ. ಅದೂ ಅಲ್ಲದೆ ಇದೇನು ದಿಢೀರ್ ಎದ್ದಿದ್ದಲ್ಲ. ಜುಲೈಯಲ್ಲಿ ಹತ್ತಿರದ ಎರ್ಟಾ ಆಲೆ ಜ್ವಾಲಾಮುಖಿ ಸಿಡಿದಿತ್ತು. ಆಗಲೇ ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ನೆಲದೊಳಗೇ ಸುಮಾರು 30 ಕಿಲೋಮೀಟರ್ ನುಗ್ಗಿ ಹೈಲಿ ಗುಬ್ಬಿಯ ಅಡಿಗೂ ಬಂದಿತ್ತು. ಉಪಗ್ರಹದ ರಾಡಾರ್‌ನಲ್ಲಿ ಗೊತ್ತಾಗಿತ್ತು.

ಅಣ್ಣ: ಅಲ್ಲೇ ಯಾಕೆ ಇಷ್ಟೊಂದು?

ನಾನು: ಅರೇಬಿಯಾ ಒಂದು ಕಡೆ, ಆಫ್ರಿಕಾದ ಎರಡು ತುಂಡು ಎರಡು ಕಡೆ ಸರಿಯುತ್ತಿವೆ. ನಡುವೆ ನೆಲ ತೆಳುವಾಗುತ್ತೆ, ಕೆಳಗಿನ ಬಿಸಿ ಕಲ್ಲು ಮೇಲೇರುತ್ತೆ, ಅದರ ಮೇಲಿನ ಒತ್ತಡ ಇಳಿಯುತ್ತೆ. ಕಲ್ಲು ಕರಗೋದು ಅದಕ್ಕೇ. ಬಿಸಿ ಜಾಸ್ತಿಯಾಗಿ ಅಲ್ಲ.

ಚಿಕ್ಕಮ್ಮ: ಅಲ್ಲಿ ಜನ ಇದ್ದಾರೇನೇ?

ನಾನು: ಅಫ್ದೇರಾ ಅಂತ ಊರಿದೆ ಚಿಕ್ಕಮ್ಮ. ಯಾರಿಗೂ ಪ್ರಾಣಾಪಾಯ ಆದ ಸುದ್ದಿ ಇಲ್ಲ. ಆದರೆ ಊರೆಲ್ಲ ಬೂದಿ. ಆಡು, ಒಂಟೆ ಮೇಯಿಸಿಕೊಂಡು ಬದುಕುವವರು. ಮೇವಿನ ಮೇಲೂ ಬೂದಿ ಕೂತಿದೆ.

ಚಿಕ್ಕಮ್ಮ: ಅಯ್ಯೋ ಪಾಪ. ನಮ್ಮ ಗೌರಿ ಹುಲ್ಲಿಗೆ ಸ್ವಲ್ಪ ಮಣ್ಣು ಹತ್ತಿದರೂ ಮೂಸಿ ಬಿಟ್ಟುಬಿಡುತ್ತೆ. ಅವರು ಎಲ್ಲಿಗೆ ಹೊಡ್ಕೊಂಡು ಹೋಗ್ತಾರೋ.

ದೊಡ್ಡಪ್ಪ: ಹವಾಮಾನ ಇಲಾಖೆಯವರು ಸಂಜೆ ಏಳೂವರೆ ಹೊತ್ತಿಗೆ ಬೂದಿ ಚೀನಾ ಕಡೆ ಹೋಗುತ್ತೆ ಅಂದಿದ್ದಾರೆ. ಅಲ್ಲಿವರೆಗೆ ಕಾಯೋಣ.

ದೊಡ್ಡಮ್ಮ: ಏಳೂವರೆಗೆ ಬಿಸಿಲು ನೀವು ತರ್ತೀರಾ?

(ಹತ್ತು ನಿಮಿಷ ಯಾರೂ ಮಾತಿಲ್ಲ.)

ದೊಡ್ಡಮ್ಮ: (ಫೋಟೊ. ಅಂಗಳದ ತುಂಬ ಅಡಿಕೆ. ಮೂಲೆಯಲ್ಲಿ ಒಂದು ರಾಶಿ ನೀಲಿ ಟಾರ್ಪಾಲ್ ಕೆಳಗೆ.)

ಅಣ್ಣ: ಆ ಟಾರ್ಪಾಲ್ ಯಾಕೆ?

ದೊಡ್ಡಮ್ಮ: ಅದು ಇವರ ಪಾಲು.